ಮುದ್ದೆಮಾಲು ನೂರ ಹದಿನೇಳು

ಪುಸ್ತಕ ನನ್ನದು. ಗೆರೆ ಎಳೆದದ್ದೂ ನಾನೇ;
ಅಡಿಪಟ್ಟಿ ಸವೆದು ಗೆರೆ ಬಲಕ್ಕೆ ಇಳಿಯುತ್ತದೆ.
ಕೊಟ್ಟವರು, ಪಡೆದವರು, ಗಂಟೆ, ನಿಮಿಷ, ಸಹಿ.
ಇದರಲ್ಲಿ ಕತ್ತಿ ಬರೆದಿದ್ದೇನೆ, ಕರಿಮಣಿ ಬರೆದಿದ್ದೇನೆ,
ಅರ್ಧ ಚೀಲ ಗಂಧದ ಚಕ್ಕೆ,
ಒಮ್ಮೆ ಒಂದು ಹುಂಜ, ಅಂಕದ್ದು,
ಅದು ತಿಂದ ಅಕ್ಕಿಯ ಖರ್ಚು ಸಮೇತ.

ನೂರ ಹದಿನೇಳು: ಪೆನ್‌ಡ್ರೈವ್ ಒಂದು, ಕಪ್ಪು,
ಹೆಬ್ಬೆರಳಿನ ತುದಿಯಷ್ಟು.
ಒಳಗೆ ಹದಿನೆಂಟು ಸೆಕೆಂಡು.
ದಕ್ಕೆಯಲ್ಲಿ ಇದಿನಬ್ಬರ ಐಸ್ ಪ್ಲಾಂಟಿನ ಕ್ಯಾಮೆರಾ ಕಂಡದ್ದು:
ಎರಡು ಬೋಟುಗಳ ನಡುವೆ ಒಬ್ಬ ಮನುಷ್ಯ,
ಆಮೇಲೆ ಎರಡೇ ಬೋಟು.

ಮಹಜರಿನಲ್ಲೇ ಹ್ಯಾಶ್ ಬರೆದಿತ್ತು,
ಅಕ್ಷರ ಅಂಕೆ ಕಲಸಿದ ಅರವತ್ತನಾಲ್ಕು ಗುರುತು.
ಸೈಬರ್ ಠಾಣೆಯ ಹುಡುಗ ಹೇಳಿಕೊಟ್ಟಿದ್ದ:
ಒಂದು ಚುಕ್ಕಿ ಕದಲಿದರೂ ಇಡೀ ಸಾಲು ಬೇರೆ, ಮೇಡಂ.
ಬರೀ ನೋಡಿದರೆ?
ನೋಡಿದರೆ ಏನೂ ಆಗುವುದಿಲ್ಲ.
ನನಗೆ ತಿಳಿದದ್ದು ಇಷ್ಟು: ಪುಳಿಮುಂಚಿಗೆ ಒಂದು ಹರಳುಪ್ಪು ಹೆಚ್ಚು ಬಿದ್ದ ದಿನ
ನಮ್ಮತ್ತೆ ಹೊಸ್ತಿಲಲ್ಲೇ ನಿಂತು ಮೂಗಿನಿಂದ ಕಂಡುಹಿಡಿಯುತ್ತಿದ್ದರು.

ಅರಗು ಮಾತ್ರ ದಕ್ಕೆಯಲ್ಲಿ ಹಚ್ಚಲಾಗಲಿಲ್ಲ.
ಅಳಿವೆಯ ಗಾಳಿಗೆ ಕಡ್ಡಿ ಆರಿತು, ಒಂಬತ್ತು ಕಡ್ಡಿ.
ಠಾಣೆಯಲ್ಲೇ ಸೀಲು ಹಾಕಿದರಾಯಿತೆಂದು
ಹೆಡ್ ಕಾನ್‌ಸ್ಟೇಬಲ್ ಮೋನಪ್ಪ ಕರ್ಕೇರ ಅಂಗಿಯ ಕಿಸೆಗೆ ಹಾಕಿಕೊಂಡರು.
ಐದು ಇಪ್ಪತ್ತಕ್ಕೆ ಹೊರಟರು.
ಹತ್ತು ನಿಮಿಷದ ದಾರಿ.
ಠಾಣೆ ತಲುಪಿದ್ದು ಆರು ಹತ್ತಕ್ಕೆ.

ಪಾಟಿಸವಾಲಿನಲ್ಲಿ ವಕೀಲರು ಕೇಳಿದ್ದು ಅದೊಂದೇ.
ಹ್ಯಾಶ್ ಕೇಳಲಿಲ್ಲ, ಪ್ರಯೋಗಾಲಯದ ವರದಿ ಕೇಳಲಿಲ್ಲ:
ಉಳಿದ ನಲವತ್ತು ನಿಮಿಷ ಎಲ್ಲಿ, ಮಿಸ್ಟರ್ ಕರ್ಕೇರ?
ಟ್ರಾಫಿಕ್ ಅನ್ನಬಹುದಿತ್ತು,
ಈ ಊರಲ್ಲಿ ಯಾರೂ ನಂಬದೆ ಇರುತ್ತಿರಲಿಲ್ಲ.

ಬೆಂಗ್ರೆಗೆ ಹೋಗಿದ್ದೆ ಸ್ವಾಮಿ. ಫೆರಿಯಲ್ಲಿ.
ಯಾಕೆ?
ಅವರು ಕೇಳಿದ್ರು. ಒರ ತೋಜಾಲೆ ಅಣ್ಣಾ ಅಂತ.
ಪಕ್ಕದ ಮನೆಯ ಕಾಲೇಜು ಹುಡುಗನ ಲ್ಯಾಪ್‌ಟಾಪಿನಲ್ಲಿ ಹಾಕಿದೆ.
ಎಷ್ಟು ಸಲ?
ಮೋನಪ್ಪ ಕಟಕಟೆಯ ಮರ ಹಿಡಿದುಕೊಂಡರು.
ಮೂರು.

ಬೆರಳಚ್ಚುಗಾರ್ತಿ ನಿಲ್ಲಿಸಿದಳು, ಆಮೇಲೆ ಬಡಿದಳು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು:
ಹಿಲ್ಡಾ, ಮಹಜರಿನ ಸಾಲು ಓದಿ. ವರದಿಯದನ್ನು ನಾನು ನೋಡಿಕೊಳ್ಳುತ್ತೇನೆ.
ಓದಿದೆ. ಒಂಬತ್ತು, ಎಫ್, ಸೊನ್ನೆ, ಮೂರು, ಸಿ, ಸಿ…
ಅವರ ಪೆನ್ಸಿಲು ಒಂದೊಂದೇ ಅಕ್ಷರದ ಕೆಳಗೆ ನಿಲ್ಲುತ್ತಿತ್ತು.
ನಲವತ್ತೊಂದರ ಹತ್ತಿರ ಕರೆಂಟು ಹೋಗಿ ಫ್ಯಾನು ನಿಂತಿತು,
ನನಗೆ ಲೆಕ್ಕ ತಪ್ಪಿತು.
ಮತ್ತೆ ಮೊದಲಿಂದ.

ಹಿಂದಿನ ಬೆಂಚಿನಲ್ಲಿ ಜಲಜ ಸಾಲ್ಯಾನ್,
ಮಡಿಲಲ್ಲಿ ಮಡಚಿದ ಕೊಡೆ,
ನಾನು ಅಂದದ್ದನ್ನು ತುಟಿಯಲ್ಲಿ ಅನ್ನುತ್ತಿದ್ದರು,
ನಾವು ತೇರ್ಸ್ ಹೇಳುವಾಗ ಮಣಿ ದಾಟುವ ಹಾಗೆ.

ಅರವತ್ತನಾಲ್ಕೂ ಒಂದೇ.
ಸಾಹೇಬರು ಹೂಂ ಅಂದರು. ವಕೀಲರು ಕೂರಲಿಲ್ಲ:
ಬದಲಾಗಿಲ್ಲ ಎನ್ನುವುದು ಬೇರೆ,
ಕೈ ದಾಟಿದ್ದನ್ನು ಬರೆದಿಲ್ಲ ಎನ್ನುವುದು ಬೇರೆ, ಸ್ವಾಮಿ.
ಅವರು ಹೇಳಿದ್ದು ಸರಿ. ಅದೇ ನನ್ನ ಹೊಟ್ಟೆಗೆ ಇಳಿಯದ್ದು.
ಆದೇಶ ಹದಿನಾಲ್ಕಕ್ಕೆ.

ಮೆಟ್ಟಿಲಲ್ಲಿ ಜಲಜ ತಡೆದರು:
ಅಮ್ಮಾ, ಅಷ್ಟುದ್ದ ಓದಿದ್ರಲ್ಲ, ಅದು ಅವರ ಹೆಸರಾ?
ಅಲ್ಲ, ಅಂದೆ. ಆಮೇಲೆ ಗೊತ್ತಿಲ್ಲ, ಅಂದೆ.
ಬಾಯಲ್ಲಿ ಇನ್ನೂ ಒಂಬತ್ತು, ಎಫ್, ಸೊನ್ನೆ.

ವಾಪಸು ಬಂದು ಕಪಾಟು ತೆರೆದೆ.
ಮೋನಪ್ಪ ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ.
ಅಂದು ಆ ಸಾಲು ಖಾಲಿ ಬಿಟ್ಟದ್ದು ನಾನೇ.
ಬಂದ ಗಂಟೆ ಬರೆದೆ, ಹೊರಟ ಗಂಟೆ ಕೇಳಲಿಲ್ಲ.
ಈಗ ಅದನ್ನು ತುಂಬಿದರೆ ತಿದ್ದುಪಡಿ.

ಹೊಸ ಸಾಲಿಗೆ ಹೋದೆ:
ಮು.ಮಾ. ೧೧೭. ನ್ಯಾಯಾಲಯದಿಂದ ಮರಳಿ.
ಸೀಲು ಸರಿ ಇದೆ.
ಮಧ್ಯಾಹ್ನ ಒಂದು ಗಂಟೆ ಆರು ನಿಮಿಷ.
ಗೋಡೆ ಗಡಿಯಾರ ನಾಲ್ಕು ನಿಮಿಷ ಮುಂದಿದೆ, ಅದನ್ನೂ ಬರೆದೆ.